ಅಬ್ರಹಾಮನ ಮಾತು ಮತ್ತು ಮೌನ

ಕ್ರೈಸ್ತ ಧರ್ಮಸಾಹಿತ್ಯದಲ್ಲಿ ‘ವಿಧೇಯತೆ’ ಎಂಬ ಮಾತಿಗೆ ಇರುವ ಸ್ಥಾನ ಬಹಳ ದೊಡ್ಡದು. ಹೇಳಿದ್ದನ್ನು ಕೇಳುವುದು, ಎದುರಾಡದಿರುವುದು, ತನ್ನ ಇಚ್ಛೆಯನ್ನು ದೇವರ ಇಚ್ಛೆಗೆ ಒಪ್ಪಿಸಿಬಿಡುವುದು, ಇಷ್ಟೇ ಅದರ ಅರ್ಥವೆಂದು ಅನೇಕರು ತಿಳಿದಿದ್ದಾರೆ. ಈ ಗುಣಕ್ಕೆ ನಿದರ್ಶನ ಬೇಕಾದಾಗ ಬೋಧಕರು ಹೆಸರಿಸುವುದು ಅಬ್ರಹಾಮನನ್ನು. ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ ಬಳ್ಳಾರಿಯಲ್ಲಿ ನೆಲಸಿ ಪಟ್ಟ ಶ್ರಮದಿಂದ ಬೈಬಲು ಕನ್ನಡಕ್ಕೆ ಬಂದು ಎರಡು ಶತಮಾನಗಳಾಗುತ್ತ ಬಂದಿವೆ. ಆದರೂ ಅದನ್ನು ಕಥನಕಲೆಯ ದೃಷ್ಟಿಯಿಂದ ಓದುವ ಅಭ್ಯಾಸ ನಮ್ಮಲ್ಲಿ ಬೆಳೆದಿರುವುದು ಅಲ್ಪ. ಹಾಗೆ ಓದಿದ ಸಹೃದಯನಿಗೆ ಆದಿಕಾಂಡದಲ್ಲಿ ಒಂದು ತೊಡಕು ಎದುರಾಗುತ್ತದೆ. ೨೨ನೆಯ ಅಧ್ಯಾಯದಲ್ಲಿ ಮಗನನ್ನು ಬಲಿಗೊಡಲು ತುಟಿಬಿಚ್ಚದೆ ಹೊರಡುವ ಅಬ್ರಹಾಮನೇ ೧೮ನೆಯ ಅಧ್ಯಾಯದಲ್ಲಿ ದೇವರೊಡನೆ ಚೌಕಾಸಿ ಮಾಡಿದ್ದಾನೆ. ಅನ್ಯರ ಊರಿಗಾಗಿ ಅಷ್ಟು ವಾದಿಸಿದವನು ತನ್ನ ಮಗನಿಗಾಗಿ ಏಕೆ ವಾದಿಸಲಿಲ್ಲ? ಈ ಪ್ರಶ್ನೆಯನ್ನು ಭಕ್ತಿಯ ಹೆಸರಿನಲ್ಲಿ ಮುಚ್ಚಿಡುವುದು ಗ್ರಂಥಕ್ಕೂ ನ್ಯಾಯವಲ್ಲ, ಭಕ್ತಿಗೂ ನ್ಯಾಯವಲ್ಲ.

ಮೊದಲು ಸೊದೋಮಿನ ಪ್ರಸಂಗವನ್ನು ನೋಡೋಣ. ಆ ಊರಿನ ನಾಶ ಸನ್ನಿಹಿತವಾಗಿದೆ. ಅಬ್ರಹಾಮನು ಮುಂದೆ ಬಂದು, ದುಷ್ಟರೊಡನೆ ನೀತಿವಂತರನ್ನೂ ಅಳಿಸುವುದು ನ್ಯಾಯಾಧಿಪತಿಗೆ ತಕ್ಕುದೇ ಎಂದು ಕೇಳುತ್ತಾನೆ. ೫೦ ಮಂದಿ ನೀತಿವಂತರಿದ್ದರೆ ಊರನ್ನು ಉಳಿಸುವೆಯಾ? ೪೫ ಇದ್ದರೆ? ೪೦? ೩೦? ೨೦? ೧೦? ಮೊದಲು ಐದೈದಾಗಿ ಇಳಿಸಿದವನು ಧೈರ್ಯ ಬಂದ ಮೇಲೆ ಹತ್ತುಹತ್ತಾಗಿ ಇಳಿಸುತ್ತಾನೆ. ಸಂತೆಯಲ್ಲಿ ಬೆಲೆ ಕೇಳುವವನ ಜಾಣತನವೂ, ತಾನು ಬರಿಯ ಮಣ್ಣೆಂಬ ಅಳುಕೂ ಒಂದೇ ಮಾತಿನಲ್ಲಿ ಬೆರೆತಿವೆ. ತಮ್ಮನ ಮಗ ಲೋಟನು ಆ ಊರಿನಲ್ಲಿಯೇ ಇದ್ದಾನೆ. ಆದರೆ ಅವನ ಹೆಸರನ್ನು ಅಬ್ರಹಾಮನು ಎತ್ತುವುದಿಲ್ಲ. ಒಳ್ಳೆಯವರನ್ನು ಹೊರಗೆ ಕರೆದುಕೊಂಡು ಉಳಿದವರನ್ನು ಸುಡು ಎಂದೂ ಕೇಳುವುದಿಲ್ಲ. ಕೆಲವರ ನೆವದಿಂದ ಇಡೀ ಊರನ್ನೇ ಉಳಿಸು ಎಂಬುದು ಅವನ ಬೇಡಿಕೆ.

ಇದು ಅವಿಧೇಯತೆಯೆ? ಕಥೆಗಾರನ ಅಭಿಪ್ರಾಯ ಹಾಗಿಲ್ಲ. ತಾನು ಮಾಡಲಿರುವುದನ್ನು ಅಬ್ರಹಾಮನಿಗೆ ಮರೆಮಾಡಬಾರದೆಂದು ದೇವರೇ ಮೊದಲು ನಿಶ್ಚಯಿಸುತ್ತಾನೆ, ಪ್ರತಿ ಬೇಡಿಕೆಗೂ ಒಪ್ಪುತ್ತಾನೆ, ಒಮ್ಮೆಯೂ ಗದರಿಸುವುದಿಲ್ಲ. ಇಲ್ಲಿ ಅಬ್ರಹಾಮನು ಯೆಹೋವನ ಮುಂದೆ ನಿಂತಿದ್ದನೆಂದು ಈಗಿನ ಪಾಠವಿದೆ. ಯೆಹೋವನೇ ಅಬ್ರಹಾಮನ ಮುಂದೆ ನಿಂತಿದ್ದನೆಂಬುದು ಮೂಲಪಾಠವಾಗಿತ್ತು, ಲಿಪಿಕಾರರು ದೈವಗೌರವಕ್ಕಾಗಿ ಅದನ್ನು ತಿದ್ದಿದರು ಎಂದು ಯೆಹೂದ್ಯ ವಿದ್ವತ್ಪರಂಪರೆ ಹೇಳುತ್ತ ಬಂದಿದೆ. ಈ ಪಾಠಾಂತರವನ್ನು ಒಪ್ಪಿದರೆ ಚಿತ್ರವೇ ಬದಲಾಗುತ್ತದೆ: ಮನುಷ್ಯನು ಪರರಿಗಾಗಿ ಬಾಯಿ ತೆರೆಯಲೆಂದು ದೇವರು ಕಾದು ನಿಂತಿದ್ದಾನೆ. ೨೦ನೆಯ ಅಧ್ಯಾಯದಲ್ಲಿ ಗೆರಾರಿನ ಅರಸ ಅಬೀಮೆಲೆಕನಿಗಾಗಿ ಅಬ್ರಹಾಮನು ಪ್ರಾರ್ಥಿಸಿದಾಗ ಆ ಮನೆಯ ಬಂಜೆತನ ನೀಗುತ್ತದೆ. ಸಾರಳಿಗೆ ಮಗ ಹುಟ್ಟುವ ಕಥೆ ಅದರ ಬೆನ್ನಿಗೇ ಬರುತ್ತದೆ. ಈ ಜೋಡಣೆ ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಇನ್ನು ಮೊರೀಯ. ಉರಿದುಹೋದ ಸೊದೋಮಿನ ಹೊಗೆಯನ್ನು ನೋಡಲು ಅಬ್ರಹಾಮನು ಬೆಳಿಗ್ಗೆ ಎದ್ದು ಹೋದನೆಂದು ಕಥೆ ಹೇಳಿತ್ತು. ಹಾಗರಳನ್ನೂ ಅವಳ ಮಗುವನ್ನೂ ಕಾಡಿಗೆ ಕಳುಹಿಸಿದ ದಿನವೂ ಬೆಳಿಗ್ಗೆ ಎದ್ದನು. ಇಸಾಕನನ್ನು ಕರೆದೊಯ್ಯುವ ದಿನವೂ ಅದೇ ಮಾತು, ಅದೇ ಬೆಳಗು. ಬೆಟ್ಟ ಕಣ್ಣಿಗೆ ಬೀಳುವುದು ಮೂರನೆಯ ದಿನ. ನಡುವಣ ದಾರಿಯ ವಿಷಯದಲ್ಲಿ ಕಥೆ ಮೌನ ತಾಳಿದೆ. ತಂದೆಯ ಮನಸ್ಸಿನಲ್ಲಿ ಏನು ನಡೆಯಿತೆಂಬುದಕ್ಕೆ ಒಂದಕ್ಷರವೂ ಇಲ್ಲ. ಜರ್ಮನ್ ವಿಮರ್ಶಕ ಆವರ್‌ಬಾಖನು ೧೯೪೬ರಲ್ಲಿ ಪ್ರಕಟವಾದ ‘ಮಿಮೆಸಿಸ್’ ಗ್ರಂಥದಲ್ಲಿ ಈ ಮೌನದ ಕಲೆಯನ್ನು ಹೋಮರನ ವಿವರಪೂರ್ಣತೆಯೊಡನೆ ಹೋಲಿಸಿ ತೋರಿಸಿರುವುದು ಪ್ರಸಿದ್ಧವೇ ಆಗಿದೆ.

ಅದಕ್ಕೆ ಒಂದು ಶತಮಾನ ಮೊದಲೇ, ೧೮೪೩ರಲ್ಲಿ, ಡೆನ್ಮಾರ್ಕಿನ ಕಿರ್ಕೆಗಾರನು ‘ಭಯ ಮತ್ತು ಕಂಪನ’ ಎಂಬ ಅರ್ಥದ ಹೆಸರಿನ ತನ್ನ ಕೃತಿಯಲ್ಲಿ ನಮ್ಮ ಪ್ರಶ್ನೆಯನ್ನು ಮುಟ್ಟಿದ್ದಾನೆ. ಅಬ್ರಹಾಮನು ಸೊದೋಮಿಗಾಗಿ ಬೇಡಿದನೇ ಹೊರತು ತನಗಾಗಿ ಬೇಡಲಿಲ್ಲ ಎಂಬುದನ್ನು ಅವನು ಹಿರಿಮೆಯಾಗಿ ಎಣಿಸುತ್ತಾನೆ. ಮಾತು ಚೆಲುವಾಗಿದೆ, ಆದರೆ ಪೂರ್ಣ ಸತ್ಯವಲ್ಲ. ಇಸಾಕನು ಅಬ್ರಹಾಮನ ‘ತಾನು’ ಅಲ್ಲ. ಸೌದೆ ಹೊತ್ತವನು ಅವನು, ಬಲಿಯ ಕುರಿ ಎಲ್ಲಿ ಎಂದು ಕೇಳಿದವನು ಅವನು, ಕತ್ತಿಯ ಕೆಳಗೆ ಮಲಗಿದವನು ಅವನು. ತನ್ನ ಜೀವದ ವಿಷಯದಲ್ಲಿ ಸುಮ್ಮನಿರುವುದು ತ್ಯಾಗ. ಇನ್ನೊಬ್ಬನ ಜೀವದ ವಿಷಯದಲ್ಲಿ ಸುಮ್ಮನಿರುವುದನ್ನು ಅದೇ ಹೆಸರಿನಿಂದ ಕರೆಯಲಾಗದು. ಮಗನನ್ನು ತಂದೆಯ ಸೊತ್ತೆಂದು ಭಾವಿಸಿದರೆ ಮಾತ್ರ ಕಿರ್ಕೆಗಾರನ ಹೊಗಳಿಕೆ ನಿಲ್ಲುತ್ತದೆ.

ಕಥೆಗಾರನಿಗೆ ಇದು ತಿಳಿದಿತ್ತೆಂದು ನನ್ನ ನಂಬಿಕೆ. ಕತ್ತಿಯನ್ನು ತಡೆದ ಧ್ವನಿ ವಿಧೇಯತೆಯನ್ನು ಮೆಚ್ಚಿ ಹರಸುತ್ತದೆ, ನಿಜ. ಆದರೆ ಬೆಟ್ಟ ಹತ್ತುವಾಗ ತಂದೆಮಕ್ಕಳಿಬ್ಬರೂ ಜೊತೆಯಾಗಿ ನಡೆದರೆಂದು ಎರಡು ಸಲ ಹೇಳಿದವನು, ಇಳಿಯುವಾಗ ಅಬ್ರಹಾಮನು ಹಿಂದಿರುಗಿದನೆಂದಷ್ಟೇ ಹೇಳುತ್ತಾನೆ, ಇಸಾಕನ ಹೆಸರಿಲ್ಲ. ಮುಂದೆ ಆದಿಕಾಂಡದಲ್ಲಿ ದೇವರೂ ಅಬ್ರಹಾಮನೂ ಮಾತಾಡಿಕೊಳ್ಳುವ ಸಂದರ್ಭವೇ ಬರುವುದಿಲ್ಲ. ಮೌನದ ವಿಧೇಯತೆಗೆ ತೆತ್ತ ಬೆಲೆಯನ್ನು ಕಥೆ ಧ್ವನಿಯಿಂದಲೇ ಸೂಚಿಸಿದೆ.

ಕ್ರೈಸ್ತ ಪರಂಪರೆ ಈ ಧ್ವನಿಗೆ ಸಾಕಷ್ಟು ಕಿವಿಗೊಟ್ಟಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆ ಅಬ್ರಹಾಮನ ನಂಬಿಕೆಯನ್ನು ಕೊಂಡಾಡುವಾಗ ಮೊರೀಯವನ್ನು ನೆನೆಯುತ್ತದೆ; ಸೊದೋಮನ್ನು ನೆನೆಯುವುದಿಲ್ಲ. ಯಾಕೋಬನ ಪತ್ರಿಕೆ ಅವನನ್ನು ದೇವರ ಸ್ನೇಹಿತನೆಂದು ಕರೆದರೂ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಬೇಕೆಂದು ಹೇಳುವಲ್ಲಿ ಉದಾಹರಣೆಗೆ ಎಲೀಯನನ್ನು ಕರೆತರುತ್ತದೆ. ಸ್ನೇಹಿತನಾದವನಿಗೆ ಸಲುಗೆಯ ಮಾತು ಉಂಟೆಂಬುದು ಅಲ್ಲಿ ಹಿಂದೆ ಸರಿದಿದೆ.

ಪರರಿಗಾಗಿ ಮಿಡಿಯದ ವಿಧೇಯತೆ ಏನಾಗುತ್ತದೆಂಬುದಕ್ಕೆ ಯೋನನ ಕಥೆಯೇ ಸಾಕ್ಷಿ. ಮೊದಲು ಓಡಿಹೋದವನು ಕೊನೆಗೆ ಅಪ್ಪಣೆಯಂತೆ ನಿನೆವೆಗೆ ಹೋಗಿ ನಾಶವನ್ನು ಸಾರುತ್ತಾನೆ. ಜನರು ಪಶ್ಚಾತ್ತಾಪಪಟ್ಟು ಉಳಿದುಕೊಂಡರೆ ಅವನಿಗೆ ಸಿಟ್ಟು! ನೆರಳು ಕೊಟ್ಟ ಗಿಡಕ್ಕಾಗಿ ಮರುಗಿದವನು ೧,೨೦,೦೦೦ಕ್ಕೂ ಹೆಚ್ಚು ಜನರಿಗಾಗಿ ಮರುಗಲಿಲ್ಲ. ಅವನ ಕಾಲು ಆಜ್ಞೆಯನ್ನು ಪಾಲಿಸಿತು, ಹೃದಯ ಪಾಲಿಸಲಿಲ್ಲ.

ಮಾತು ಮೌನಗಳೆರಡೂ ತಮ್ಮ ತಮ್ಮ ನೆಲೆಯನ್ನು ಪಡೆಯುವುದು ಯೇಸುವಿನ ಕಥೆಯಲ್ಲಿ. ಗೆತ್ಸೇಮನೆಯ ತೋಟದಲ್ಲಿ ಅವನು ತನ್ನ ಬಯಕೆಯನ್ನು ಅಡಗಿಸದೆ ಹೇಳಿ, ಆಮೇಲೆ ತಂದೆಯ ಚಿತ್ತಕ್ಕೆ ಒಪ್ಪುತ್ತಾನೆ. ಒಪ್ಪಿಸಿದ ಜೀವ ಅವನದೇ. ಶಿಲುಬೆಯ ಮೇಲೆ ಕೊಲ್ಲುವವರ ಕ್ಷಮೆಗಾಗಿ ಬೇಡುತ್ತಾನೆ. ಲೂಕನ ಈ ವಾಕ್ಯ ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿಲ್ಲ. ಆದರೂ ಕಥೆಯ ಔಚಿತ್ಯಕ್ಕೆ ಅದಕ್ಕಿಂತ ಒಪ್ಪುವ ಮಾತನ್ನು ಊಹಿಸುವುದು ಕಷ್ಟ.

ಕನ್ನಡ ವಾಚಕರಿಗೆ ಇಲ್ಲಿ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ ನೆನಪಾಗದಿರದು. ಒಡೆಯನ ಅಪ್ಪಣೆಗೆ ಕಟ್ಟುಬಿದ್ದ ಹರಿಶ್ಚಂದ್ರನು ಹೆಂಡತಿಯ ಮೇಲೆ ಕತ್ತಿ ಎತ್ತುತ್ತಾನೆ. ಆದರೆ ನಮ್ಮ ಕವಿ ಬಲಿಯಾಗುವವಳ ಬಾಯಿ ಕಟ್ಟಲಿಲ್ಲ. ಕೊರಳೊಡ್ಡಿದ ಚಂದ್ರಮತಿ ಗಂಡನಿಗೂ, ರಾಜ್ಯ ಕಸಿದ ಮುನಿಗೂ ಒಳಿತನ್ನೇ ಹಾರೈಸುತ್ತಾಳೆ. ಹರಿಶ್ಚಂದ್ರನ ಸತ್ಯ ದೊಡ್ಡದು. ಆ ಗಳಿಗೆಯಲ್ಲಿ ಚಂದ್ರಮತಿಯ ಹರಕೆ ಅದಕ್ಕಿಂತ ದೊಡ್ಡದೆಂದು ನನಗೆ ತೋರುತ್ತದೆ.

ವಿಧೇಯತೆಯನ್ನು ಬೋಧಿಸುವವರು, ಮಠದವರಾಗಲಿ ಇಗರ್ಜಿಯವರಾಗಲಿ, ಮನೆಯ ಹಿರಿಯರಾಗಲಿ, ಮೊರೀಯವನ್ನು ಓದಿಸಿ ಸೊದೋಮನ್ನು ಬಿಟ್ಟುಬಿಡುವುದು ಸುಲಭ. ಕೇಳಿಸಿಕೊಳ್ಳುವವರು ಸುಮ್ಮನಿದ್ದರೆ ಅವರಿಗೆ ಅನುಕೂಲ. ಆದರೆ ಗ್ರಂಥದಲ್ಲಿ ಎರಡು ಅಧ್ಯಾಯಗಳೂ ಇವೆ. ಆಜ್ಞೆಗೆ ತಲೆಬಾಗುವ ಅರ್ಹತೆ ಯಾರಿಗಿದೆಯೆಂದು ಕೇಳಿದರೆ, ಪರರಿಗಾಗಿ ಒಮ್ಮೆ ತಲೆಯೆತ್ತಿ ಬೇಡಿದವನಿಗೆ ಎಂದೇ ನಾನು ಉತ್ತರಿಸಬಯಸುತ್ತೇನೆ.