ಮೆಟ್ಟಿಲ ಕೆಳಗಿನ ಊರು

ದಸರೆಗೆ ಗೊಂಬೆ ಕೂರಿಸಿದ ಮನೆಗೆ ಹೋದರೆ ದೊಡ್ಡವರ ಕಣ್ಣು ಮೊದಲು ಹೋಗುವುದು ಮೇಲಿನ ಮೆಟ್ಟಿಲಿಗೆ. ಅಲ್ಲಿ ಕಲಶ, ಪಕ್ಕದಲ್ಲಿ ಜರಿಬಟ್ಟೆ ಉಟ್ಟ ಪಟ್ಟದ ಗೊಂಬೆಗಳು. ಕೆಳಗೆ ದಶಾವತಾರ, ಅಷ್ಟಲಕ್ಷ್ಮಿಯರು, ದಾಸರು, ಸಂತರು. ಇನ್ನೂ ಕೆಳಗೆ ದಿನಸಿ ಅಂಗಡಿಯ ಶೆಟ್ಟಿ-ಶೆಟ್ಟಮ್ಮ, ಪೊಲೀಸು, ಹಾವಾಡಿಗ, ಮದುವೆಯ ದಿಬ್ಬಣ. ಇವೆಲ್ಲ ನನಗೂ ಇಷ್ಟ. ಆದರೆ ಪುಟ್ಟ ಮಕ್ಕಳಿರುವ ಮನೆಯಲ್ಲಿ ಈ ಹಬ್ಬದ ಜೀವ ಇರುವುದು ಕೊನೆಯ ಮೆಟ್ಟಿಲೂ ಮುಗಿದ ಮೇಲೆ, ನೆಲದ ಮೇಲೆ. ಮಣ್ಣು ಹರಡಿ, ರಾಗಿ ಚೆಲ್ಲಿ, ಕನ್ನಡಿಯನ್ನು ಕೆರೆ ಮಾಡಿ ಮಕ್ಕಳು ಕಟ್ಟುವ ಆ ಸಣ್ಣ ಊರಿಗೆ ಹಳೇ ಮೈಸೂರಿನ ಮನೆಗಳಲ್ಲಿ ‘ಪಾರ್ಕು’ ಅನ್ನುತ್ತಾರೆ. ಬಂದವರು ಅದನ್ನು ದಾಟಿಕೊಂಡು ಹೋಗಿ ಮೇಲಿನದರ ಫೋಟೊ ತೆಗೆಯುತ್ತಾರೆ. ಗೊಂಬೆ ಹಬ್ಬದ ಬಗ್ಗೆ ನಾವು ಬರೆಯುವುದರಲ್ಲೂ ಮಾತಾಡುವುದರಲ್ಲೂ ಪಾರ್ಕಿಗೆ ಸಿಕ್ಕಿರುವ ಜಾಗ ತೀರ ಕಡಿಮೆ. ಈ ಕಡೆಗಣಿಕೆ ಹಬ್ಬಕ್ಕೇ ನಷ್ಟ ತರುತ್ತಿದೆ ಎಂಬುದು ನನ್ನ ವಾದ.

ಮೆಟ್ಟಿಲುಗಳದು ದರ್ಬಾರಿನ ಕ್ರಮ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಶುರುಮಾಡಿದ ನವರಾತ್ರಿಯ ವೈಭವ ಮೈಸೂರು ಸೀಮೆಯ ಮನೆಮನೆಯ ಕಲ್ಪನೆಯನ್ನೂ ಹಿಡಿದಿಟ್ಟುಕೊಂಡಿದೆ. ಮೈಸೂರು ಅರಮನೆಗೆ ಕಾಲಿಟ್ಟ ಕೂಡಲೇ ಎದುರಾಗುವ ಗೊಂಬೆ ತೊಟ್ಟಿಯಲ್ಲಿ ಹತ್ತೊಂಬತ್ತು, ಇಪ್ಪತ್ತನೇ ಶತಮಾನದ ಗೊಂಬೆಗಳನ್ನು ಇಟ್ಟಿದ್ದಾರೆ. ಮನೆಯ ಹಜಾರದಲ್ಲೂ ಅದೇ ಗಾಂಭೀರ್ಯ: ಮೆಟ್ಟಿಲ ಸಂಖ್ಯೆ ಬೆಸವಾಗಿರಬೇಕು, ಬಿಳಿ ಪಂಚೆ ಸುಕ್ಕಿಲ್ಲದೆ ಹಾಸಿರಬೇಕು, ದೇವರು ಮೇಲೆ, ಮನುಷ್ಯರು ಕೆಳಗೆ. ಈ ಕ್ರಮಕ್ಕೆ ಒಂದು ಚೆಲುವಿದೆ, ಅದನ್ನು ಕಾಪಾಡಿಕೊಂಡು ಬಂದ ಅಜ್ಜಿಯರ ಶ್ರದ್ಧೆಯೂ ದೊಡ್ಡದು. ಆದರೆ ಇದರಲ್ಲಿ ಮಗುವಿನ ಕೆಲಸವೇನು? ಟ್ರಂಕಿನಿಂದ ಒಂದೊಂದೇ ಗೊಂಬೆ ಎತ್ತಿ ಕೊಡುವುದು. ಮಿಕ್ಕ ಒಂಬತ್ತು ದಿನ ‘ಮುಟ್ಟಬೇಡ, ಬೀಳುತ್ತೆ’ ಅನ್ನಿಸಿಕೊಳ್ಳುವುದು. ಮಣ್ಣಿನ ಗೊಂಬೆ ಬಿದ್ದರೆ ಒಡೆಯುತ್ತದೆ, ಆದ್ದರಿಂದ ಆ ಮಾತಿನಲ್ಲಿ ತಪ್ಪಿಲ್ಲ. ಆದರೂ ಗೊಂಬೆಗಳ ಹಬ್ಬದಲ್ಲಿ ಗೊಂಬೆ ಮುಟ್ಟುವ ಹಾಗಿಲ್ಲ ಎಂಬುದನ್ನು ನಾಲ್ಕು ವರ್ಷದ ಮಗುವಿಗೆ ಒಪ್ಪಿಸುವುದು ಎಷ್ಟು ಕಷ್ಟ ಎಂಬುದು ಅಪ್ಪ-ಅಮ್ಮಂದಿರಿಗೆ ಗೊತ್ತು.

ಪಾರ್ಕಿನಲ್ಲಿ ಆ ತಡೆ ಇಲ್ಲ. ರಾಗಿಯನ್ನೇ ತೆಗೆದುಕೊಳ್ಳಿ. ರಾತ್ರಿ ನೆನೆಹಾಕಿದ ರಾಗಿಯನ್ನು ತಟ್ಟೆಯಲ್ಲಿ ಹರಡಿದ ತೆಳು ಮಣ್ಣಿನ ಮೇಲೆ ಚೆಲ್ಲಬೇಕು, ಅಂಗೈಯಿಂದ ಮೆಲ್ಲಗೆ ಒತ್ತಬೇಕು, ನೀರನ್ನು ಬೆರಳಿನಿಂದ ಚಿಮುಕಿಸಬೇಕು. ಚೊಂಬಿನಿಂದ ಸುರಿದರೆ ಕಾಳೆಲ್ಲ ಒಂದು ಮೂಲೆಗೆ ಓಡಿ ಗುಡ್ಡೆಯಾಗುತ್ತದೆ. ಪುಟ್ಟ ಮಕ್ಕಳು ಖಂಡಿತ ಚೊಂಬಿನಿಂದಲೇ ಸುರಿಯುತ್ತಾರೆ, ಹಾಗಾಗಿ ಅವರ ಪಾರ್ಕಿನಲ್ಲಿ ಒಂದು ಕಡೆ ಕಾಡು, ಒಂದು ಕಡೆ ಬಯಲು. ಮೊದಲು ಮೊಳಕೆ ಕಾಣಿಸುವುದು ಸಾಸಿವೆ, ಮೆಂತ್ಯ ಚೆಲ್ಲಿದ ಕಡೆ. ರಾಗಿ ಸ್ವಲ್ಪ ತಡ, ಆದರೆ ಹುಲ್ಲಿನಂತೆ ನೆಟ್ಟಗೆ ನಿಲ್ಲುವುದು ಅದೇ. ಸರಸ್ವತಿ ಪೂಜೆಯ ಹೊತ್ತಿಗೆ ಪೈರು ಒತ್ತಾಗಿ ಕಿಟಕಿಯ ಕಡೆ ಬಾಗಿರುತ್ತದೆ. ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಓದುವ ಹಾಗಿಲ್ಲ, ಮಕ್ಕಳಿಗೆ ಬೇಕಾದಷ್ಟು ಬಿಡುವು. ಯಾರೋ ಒಬ್ಬರು ತಟ್ಟೆಯನ್ನು ತಿರುಗಿಸಿಡುತ್ತಾರೆ. ಪೈರು ಮತ್ತೆ ಕಿಟಕಿಯ ಕಡೆಗೇ ತಿರುಗುತ್ತದೆ. ಗಿಡ ಬೆಳಕನ್ನು ಹುಡುಕುತ್ತದೆ ಎಂಬುದನ್ನು ಶಾಲೆಯ ಪಾಠ ಹೇಳುವುದಕ್ಕೆ ಎಷ್ಟೋ ವರ್ಷ ಮುಂಚೆ ಮಗು ತನ್ನ ತಟ್ಟೆಯಲ್ಲೇ ಕಂಡಿರುತ್ತದೆ. ಆಯುಧಪೂಜೆಯ ದಿನ ಕತ್ತರಿ ಹಿಡಿದು ಪೈರಿಗೆ ‘ಕಟಿಂಗ್’ ಮಾಡಿಸುವುದೂ ಉಂಟು.

ಇನ್ನು ಊರು ಕಟ್ಟುವ ಕೆಲಸ. ಹಳೇ ಪತ್ರಿಕೆ ಮುದ್ದೆ ಮಾಡಿ, ಮೇಲೆ ಗೋಣಿಚೀಲ ಹೊದಿಸಿದರೆ ಚಾಮುಂಡಿ ಬೆಟ್ಟ. ಬೆಂಕಿಪೊಟ್ಟಣದ ಮನೆ, ಹಸಿರು ಬಣ್ಣ ಹಾಕಿದ ಮರದ ಹೊಟ್ಟು, ರಂಗೋಲಿ ಪುಡಿಯ ರಸ್ತೆ. ನಮ್ಮ ಮನೆಯ ಮಕ್ಕಳ ಪಾರ್ಕಿನಲ್ಲಿ ಅಂಬಾರಿ ಆನೆ ಕಸದ ಗಾಡಿಯ ಹಿಂದೆ ಸಾಲಿನಲ್ಲಿ ನಿಂತಿರುತ್ತದೆ, ಕೆರೆಯ ದಡದಲ್ಲಿ ಜೆಸಿಬಿ ಅಗೆಯುತ್ತಿರುತ್ತದೆ, ರಟ್ಟಿನ ಮೆಟ್ರೊ ಕಂಬದ ಕೆಳಗೆ ಹಸು ಮಲಗಿರುತ್ತದೆ. ಕೋಳಿ ಬಸ್ಸಿಗಿಂತ ದೊಡ್ಡದು, ಮನೆಗಿಂತ ಮನುಷ್ಯ ದೊಡ್ಡವನು. ಮಗು ದಿನಾ ನೋಡುವ ಊರು ಹೇಗಿದೆಯೋ ಹಾಗೆ ನೆಲದ ಮೇಲೆ ಇಳಿದಿರುತ್ತದೆ. ಮೆಟ್ಟಿಲು ಮೊದಲ ದಿನ ಹೇಗಿತ್ತೋ ಒಂಬತ್ತನೇ ದಿನವೂ ಹಾಗೇ ಇರುತ್ತದೆ. ಪಾರ್ಕಿನಲ್ಲಿ ಮಾತ್ರ ನಿನ್ನೆ ಮೃಗಾಲಯ ಇದ್ದ ಜಾಗದಲ್ಲಿ ಇವತ್ತು ಆಸ್ಪತ್ರೆ, ನಾಳೆ ಜಾತ್ರೆ. ಕಥೆ ನಡೆಯುತ್ತಿರುವುದು ಇಲ್ಲಿ. ಒಂದು ಕಲಾಕೃತಿಯಾಗಿ ನೋಡಿದರೂ ಇದರಲ್ಲಿರುವ ಧೈರ್ಯ ಮೇಲಿನ ಅಚ್ಚುಕಟ್ಟಿನಲ್ಲಿ ಇಲ್ಲ.

ಅದನ್ನು ಕೆಡಿಸುವವರು ನಾವೇ, ದೊಡ್ಡವರು. ಕೋಳಿ ಬಸ್ಸಿಗಿಂತ ದೊಡ್ಡದಾಯಿತಲ್ಲ ಎಂದು ನಮ್ಮ ಕೈ ಚಡಪಡಿಸುತ್ತದೆ. ಮಗು ಮಲಗಿದ ಮೇಲೆ ರಸ್ತೆ ನೆಟ್ಟಗೆ ಮಾಡುತ್ತೇವೆ, ಆನೆಯನ್ನು ಬೆಟ್ಟಕ್ಕೆ ಕಳಿಸುತ್ತೇವೆ. ಬೆಳಿಗ್ಗೆ ಎದ್ದ ಮಗು ಅದನ್ನು ನೋಡಿ ಸುಮ್ಮನಾಗುತ್ತದೆ, ಅಷ್ಟಕ್ಕೇ ಆಟ ಮುಗಿಯುತ್ತದೆ. ಈಗ ಅಷ್ಟು ಕಷ್ಟವೂ ಬೇಕಿಲ್ಲ. ಪ್ಲಾಸ್ಟಿಕ್ ಹುಲ್ಲಿನ ಚಾಪೆ, ಥರ್ಮೊಕೋಲಿನ ಬೆಟ್ಟ, ನೀರು ಸುರಿಯುವ ಜಲಪಾತ, ಇಡೀ ಹಳ್ಳಿಯ ಸೆಟ್ಟು ಎಲ್ಲ ಸಿದ್ಧವಾಗಿ ಅಂಗಡಿಯಲ್ಲಿ ಸಿಗುತ್ತವೆ. ಗೊಂಬೆ ಸ್ಪರ್ಧೆಗಳು ಬಂದ ಮೇಲಂತೂ ಪ್ರತಿ ಮನೆಗೂ ಒಂದು ‘ಥೀಮ್’ ಬೇಕು. ತೀರ್ಪುಗಾರರು ಬರುವ ದಿನ ಮಕ್ಕಳನ್ನು ದೂರ ಕೂರಿಸುವ ಮನೆಗಳನ್ನು ನೋಡಿದ್ದೇನೆ. ಸ್ಪರ್ಧೆಗೆ ಅಂಕ ಕೊಡುವಾಗ ಗೊಂಬೆಗಳ ಸಂಖ್ಯೆ, ಅಲಂಕಾರ, ವಿಷಯದ ಹೊಸತನ ಎಲ್ಲ ಲೆಕ್ಕಕ್ಕೆ ಬರುತ್ತವೆ. ಮಕ್ಕಳ ಕೈಕೆಲಸಕ್ಕೂ ಒಂದಿಷ್ಟು ಅಂಕ ಇಟ್ಟರೆ ಚಿತ್ರವೇ ಬದಲಾದೀತು. ಹಣ ಕೊಟ್ಟು ತಂದ ಹಳ್ಳಿ ಎಷ್ಟು ಚೆನ್ನಾಗಿದ್ದರೂ ಅದರಲ್ಲಿ ಮಗುವಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಇದನ್ನು ನಾನು ದೋಷ ಎಂದೇ ಎಣಿಸುತ್ತೇನೆ.

ಕೊಳ್ಳುವುದೇ ತಪ್ಪು ಎಂದು ಇದರ ಅರ್ಥವಲ್ಲ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ದಸರೆಗೆ ಏರ್ಪಡಿಸುವ ‘ಬೊಂಬೆ ಮನೆ’ ಬೇರೆ ಬೇರೆ ಊರಿನ ಕುಶಲಕರ್ಮಿಗಳ ಕೆಲಸವನ್ನು ಒಂದೇ ಸೂರಿನಡಿ ಕಾಣಿಸಿದೆ, ಅದರಿಂದ ಎಷ್ಟೋ ಮನೆಗಳ ಗೊಂಬೆಗಳ ಮಟ್ಟ ಏರಿದೆ. ಆಯ್ಕೆ ಮಾಡುವಾಗ ಮಗುವಿನ ಕೈಯನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು. 2005–06ರಲ್ಲಿ ಭೌಗೋಳಿಕ ಗುರುತು ಪಡೆದ ಚನ್ನಪಟ್ಟಣದ ಆಟಿಕೆಗಳು ಆಡುವುದಕ್ಕೆಂದೇ ಹುಟ್ಟಿದವು. ಆಲೆ ಮರದ ಹಗುರ ತುಂಡನ್ನು ಚರಕಿಗೆ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿದರೆ ಆ ಶಾಖಕ್ಕೇ ಅರಗು ಕರಗಿ ಮೈಗೆ ಹಿಡಿಯುತ್ತದೆ. ಮೂಲೆಗಳೆಲ್ಲ ದುಂಡು, ಬಿದ್ದರೆ ಉರುಳುತ್ತದೆಯೇ ಹೊರತು ಸುಲಭಕ್ಕೆ ಒಡೆಯುವುದಿಲ್ಲ. ಅರಿಸಿನದಂಥ ಸಸ್ಯಮೂಲದ ಬಣ್ಣ ಹಾಕಿದ್ದಾದರೆ ಪುಟ್ಟ ಮಕ್ಕಳು ಬಾಯಿಗಿಟ್ಟರೂ ಆತಂಕ ಕಡಿಮೆ. ಕೆಳಗಿನ ಎರಡು ಮೆಟ್ಟಿಲಿಗೆ ಇಂಥವನ್ನೇ ಇಟ್ಟು ‘ಇವನ್ನು ಮುಟ್ಟಬಹುದು’ ಎಂದು ಬಿಟ್ಟುಕೊಟ್ಟ ಮನೆಗಳಲ್ಲಿ ಮೇಲಿನ ಮಣ್ಣಿನ ಗೊಂಬೆಗಳ ತಂಟೆಗೆ ಮಕ್ಕಳು ಹೋಗುವುದು ಕಡಿಮೆ.

ವರ್ಷಕ್ಕೆ ಒಂದಾದರೂ ಹೊಸ ಗೊಂಬೆ ಸೇರಬೇಕು ಎಂಬ ರೂಢಿ ಹಲವು ಮನೆಗಳಲ್ಲಿದೆ. ಅದನ್ನು ಮನೆಯಲ್ಲೇ ಮಾಡಬಾರದೇಕೆ? ಗೋಧಿ ಹಿಟ್ಟಿಗೆ ಉಪ್ಪು ಬೆರೆಸಿ ಮಾಡಿದ್ದು ಮಳೆಗಾಲದ ತೇವಕ್ಕೆ ಮೆತ್ತಗಾಗುತ್ತದೆ. ನಮ್ಮ ಅಜ್ಜಿಯರಿಗೆ ಇದಕ್ಕಿಂತ ಒಳ್ಳೆಯ ದಾರಿ ಗೊತ್ತಿತ್ತು. ಹಳೇ ಕಾಗದವನ್ನು ದಿನಗಟ್ಟಲೆ ನೀರಲ್ಲಿ ಕೊಳೆಹಾಕಿ, ನೆನೆಸಿದ ಮೆಂತ್ಯದ ಜೊತೆ ಒರಳಲ್ಲಿ ರುಬ್ಬಿ, ತಪ್ಪಲೆಯನ್ನು ಬೋರಲು ಹಾಕಿ ಅದರ ಮೇಲೆ ಮೆತ್ತಿ ಬುಟ್ಟಿ ಮಾಡುತ್ತಿದ್ದರು. ಮೆಂತ್ಯದ ಲೋಳೆಯೇ ಅಂಟು, ಅದರ ಕಹಿಗೆ ಹುಳುವೂ ಹತ್ತಿರ ಬರುವುದಿಲ್ಲ ಎಂದು ಅವರ ನಂಬಿಕೆ. ಅದೇ ಮುದ್ದೆಯಿಂದ ಐದು ವರ್ಷದ ಮಗು ಒಂದು ಆಮೆಯನ್ನೋ ಇಡ್ಲಿ ಮಾರುವವಳನ್ನೋ ಮಾಡಬಲ್ಲದು. ಚೆನ್ನಾಗಿ ಒಣಗಬೇಕಷ್ಟೆ, ಬಿಸಿಲಿರುವ ದಿನ ನೋಡಿಕೊಂಡು ಶುರುಮಾಡಬೇಕು. ಹಾಗೆ ಹುಟ್ಟಿದ ಸೊಟ್ಟ ಆಮೆ ಮುಂದಿನ ವರ್ಷ ಟ್ರಂಕಿನ ಹಳೇ ಸೀರೆಯೊಳಗಿಂದ ಹೊರಬಂದಾಗ ಅದನ್ನು ಮಾಡಿದ ಮಗು ಒಂದು ವರ್ಷ ದೊಡ್ಡದಾಗಿರುತ್ತದೆ. ಮನೆಯ ಗೊಂಬೆಗಳ ಚರಿತ್ರೆ ಬೆಳೆಯುವುದು ಹೀಗೆ. ಟ್ರಂಕು ಬಿಚ್ಚುವ ದಿನ ಅಜ್ಜಿ ‘ಇದು ನಮ್ಮತ್ತೆ ತಂದದ್ದು, ಈ ಕೈ ನಿಮ್ಮಪ್ಪ ಮುರಿದದ್ದು’ ಎನ್ನುತ್ತ ಒಂದೊಂದನ್ನೇ ಹೊರತೆಗೆಯುವ ಹೊತ್ತಿದೆಯಲ್ಲ, ಪಾರ್ಕನ್ನು ಬಿಟ್ಟರೆ ಈ ಹಬ್ಬದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು ಅದೇ.

ಹೆಣ್ಣುಮಕ್ಕಳ ವಿಚಾರ ಹೇಳದೆ ಈ ಆಚರಣೆಯನ್ನು ಅಳೆಯಲಾಗದು. ಪಟ್ಟದ ಗೊಂಬೆಯ ಜೋಡಿಯನ್ನು ತವರಿನವರು ಮದುವೆಯಲ್ಲಿ ಮಗಳಿಗೆ ಕೊಡುತ್ತಾರೆ. ಗೊಂಬೆ ಕೂರಿಸುವುದು, ಸಂಜೆಯ ಆರತಿ, ಬಂದವರಿಗೆ ಅರಿಸಿನ-ಕುಂಕುಮ, ದಿನಕ್ಕೊಂದು ಉಸಲಿ ಎಲ್ಲವೂ ಹೆಂಗಸರ ಪಾಲು. ಅಟ್ಟದಿಂದ ಟ್ರಂಕು ಇಳಿಸಿಕೊಟ್ಟಲ್ಲಿಗೆ ಗಂಡಸರ ಕೆಲಸ ಮುಗಿಯಿತು. ಮೆಟ್ಟಿಲಿನ ಈ ಹಂಚಿಕೆಯನ್ನು ಪಾರ್ಕು ಒಪ್ಪುವುದಿಲ್ಲ. ಅಲ್ಲಿ ಹುಡುಗನೂ ಮಣ್ಣು ಕಲಸುತ್ತಾನೆ, ಅಪ್ಪನೂ ಮಂಡಿಯೂರಿ ಸೇತುವೆಗೆ ಕಡ್ಡಿ ಅಂಟಿಸುತ್ತಾನೆ. ಇನ್ನೊಂದು ಮಾತು. ಗೊಂಬೆ ಕೂರಿಸುವ ಸಂಪ್ರದಾಯ ಬಹುಕಾಲ ಕೆಲವು ಸಮುದಾಯದ ಮನೆಗಳಿಗೇ ಸೀಮಿತವಾಗಿತ್ತು. ಪಟ್ಟದ ಗೊಂಬೆ ಬಳುವಳಿಯಾಗಿ ಬರಬೇಕು, ಬರದವರು ಏನು ಮಾಡಬೇಕು? ಪಾರ್ಕಿಗೆ ಬಳುವಳಿ ಬೇಡ. ಒಂದು ತಟ್ಟೆ ಮಣ್ಣು, ಒಂದು ಹಿಡಿ ರಾಗಿ ಇದ್ದರೆ ಯಾವ ಮನೆಯಲ್ಲಾದರೂ ಕಟ್ಟಬಹುದು. ಅಕ್ಕಪಕ್ಕದ ಮನೆಯ, ಬೇರೆ ಮತದ ಮಕ್ಕಳೂ ಬಂದು ಕೈ ಹಾಕಬಹುದು. ಕಡಲಾಚೆ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಲೆಗೊ ಇಟ್ಟಿಗೆಯ ಅರಮನೆ ಎದ್ದರೆ ಅದೂ ಪಾರ್ಕೇ.

‘ರೀ, ಗೊಂಬೆ ಕೂರ್ಸಿದೀರಾ?’ ಎಂದು ಮನೆಮನೆಗೆ ಹೋಗಿ ಗೊಂಬೆ ಬಾಗಿನ ಪಡೆಯುವ ಮಕ್ಕಳ ಗುಂಪುಗಳು ಈಗ ವಿರಳ. ಅಪಾರ್ಟ್‌ಮೆಂಟುಗಳ ಒಳಗೆ ಅಲ್ಲಲ್ಲಿ ಉಳಿದಿವೆ. ಕೋಡುಬಳೆ, ಕೊಬ್ಬರಿ ಮಿಠಾಯಿ ಕೈಗೆ ಬೀಳುವ ಮೊದಲು ಅವರು ಪಾರ್ಕಿನ ಮುಂದೆ ಕುಕ್ಕರಗಾಲಲ್ಲಿ ಕೂತು ‘ನಿಮ್ಮ ಕೆರೇಲಿ ನೀರಿದ್ಯಾ, ಕನ್ನಡಿನಾ?’ ಎಂದು ವಿಚಾರಿಸುತ್ತಾರೆ. ಅವರಿಗಿಂತ ನಿಷ್ಠುರ ವಿಮರ್ಶಕರು ಈ ಹಬ್ಬಕ್ಕೆ ಸಿಕ್ಕುವುದಿಲ್ಲ.

ಇದಕ್ಕೆ ತಗಲುವ ಶ್ರಮವನ್ನು ಮುಚ್ಚಿಡುವುದು ಸರಿಯಲ್ಲ. ಇಬ್ಬರೂ ದುಡಿಯುವ ಮನೆಯಲ್ಲಿ ಸಂಜೆ ಬಂದವರಿಗೆ ಹಜಾರದ ತುಂಬ ಮಣ್ಣು ಕಾಣಿಸಿದರೆ ಸಿಟ್ಟು ಬರುತ್ತದೆ. ಕೂಸು ತೆವಳುವ ಮನೆಯಲ್ಲಿ ಸಾಸಿವೆ, ಮಣಿ, ಕನ್ನಡಿ ಚೂರು ಮೂರೂ ಅಪಾಯ. ಅಂಥಲ್ಲಿ ಕೆರೆಗೆ ಸ್ಟೀಲ್ ತಟ್ಟೆಯ ನೀರು ಒಳ್ಳೆಯದು. ಕಾಗದ, ಹೊಟ್ಟು, ಬಟ್ಟೆ ಎಲ್ಲ ಇರುವ ಕಡೆ ದೀಪ ಇಡಲೇಬಾರದು, ಅದರ ಜಾಗ ದೂರದ ಪೀಠ. ಮಣ್ಣಿನ ಕೆಳಗೆ ಹಳೇ ಟಾರ್ಪಾಲು ಹಾಸಿ, ಪಾರ್ಕಿಗೆ ಒಂದು ಎಲ್ಲೆ ಗುರುತಿಸಿದರೆ ಗುಡಿಸುವ ಕಷ್ಟ ಅರ್ಧ ಇಳಿಯುತ್ತದೆ. ದಸರೆ ರಜೆಗೆಂದು ಶಿಬಿರಗಳಿಗೆ ದುಡ್ಡು ಕಟ್ಟಿ ಮಕ್ಕಳನ್ನು ಕಳಿಸುವ ನಾವು ಮನೆಯ ಹಜಾರದಲ್ಲೇ ನಡೆಯುವ ಇಂಥ ಶಿಬಿರಕ್ಕೆ ಇಷ್ಟು ಸೈರಣೆ ತೋರಿಸಬಹುದು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಆಟ, ಕುಣಿತ, ಕೈಕೆಲಸಗಳ ಮೂಲಕ ಮಕ್ಕಳ ಕಲಿಕೆ ಹೇಗಿರಬಹುದೆಂದು ಪ್ರಯೋಗ ಮಾಡಿದ ನಾಡು ನಮ್ಮದು.

ಈ ಸಲ ಗೊಂಬೆ ಕೂರಿಸುವವರಲ್ಲಿ ನನ್ನದೊಂದು ಕೋರಿಕೆ. ಒಂಬತ್ತು ಮೆಟ್ಟಿಲು ಕಟ್ಟುವವರು ಏಳಕ್ಕೆ ಇಳಿಸಿ, ಉಳಿದ ಜಾಗವನ್ನು ಪೂರ್ತಿ ಮಕ್ಕಳಿಗೆ ಬಿಡಿ. ಅವರು ಕಟ್ಟಿದ್ದನ್ನು ರಾತ್ರಿ ತಿದ್ದಬೇಡಿ. ಮನೆಗೆ ಬಂದ ನೆಂಟರನ್ನು ಮೊದಲು ಪಾರ್ಕಿನ ಮುಂದೆ ಕೂರಿಸಿ, ಅದನ್ನು ಕಟ್ಟಿದ ಮಗುವಿನ ಬಾಯಲ್ಲೇ ಊರಿನ ವರದಿ ಕೇಳಿಸಿ. ಮೆಟ್ಟಿಲಿನ ಗೊಂಬೆಗಳನ್ನು ಆಮೇಲೆ ತೋರಿಸಿದರಾಯಿತು.