ಎಂಟಿಬಿಗೆ ಟಗರಿನ ಕೊಂಬು

ನಮ್ಮ ಆಫೀಸಿನ ಪಾರ್ಕಿಂಗಲ್ಲಿ ಈಗೀಗ ಹೊಸ ತಳಿಯ ಸೈಕಲ್ ಕಾಣಿಸ್ತಿದೆ. ಮೈ ಎಂಟಿಬಿಯದ್ದು, ತಲೆ ಮೇಲೆ ರೋಡ್ ಬೈಕಿನ ಟಗರು ಕೊಂಬು, ಅಂದರೆ ಡ್ರಾಪ್ ಬಾರ್. ಮಾಲೀಕರನ್ನ ಕೇಳಿದರೆ ಒಂದೇ ಉತ್ತರ: "ಗ್ರಾವೆಲ್ ಬೈಕಿಗೆ ಅಷ್ಟೊಂದು ದುಡ್ಡು ಯಾಕ್ ಸುರೀಬೇಕು ಗುರೂ? ಮೂಲೇಲಿ ಬಿದ್ದಿದ್ದ ಎಂಟಿಬಿಗೆ ಬಾರ್ ಒಂದು ಬದಲಾಯಿಸಿದೆ, ಆಯ್ತು."

ಆ "ಬಾರ್ ಒಂದು" ಅನ್ನೋ ಮಾತಿನ ಮೇಲೇ ನನ್ನ ತಕರಾರು.

ಐಡಿಯಾ ಹೊಸದೇನಲ್ಲ, ಕೆಟ್ಟದ್ದೂ ಅಲ್ಲ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಚಾರ್ಲಿ ಕನ್ನಿಂಗ್‌ಹ್ಯಾಮ್ ಎಂಟಿಬಿ ಹುಟ್ಟಿದ ಕಾಲದಲ್ಲೇ ಇಂಥ ಸೈಕಲ್ ಕಟ್ಟುತ್ತಿದ್ದರು. ಜಾಕಿ ಫೇಲನ್ ಅಂಥದ್ದರಲ್ಲೇ ರೇಸ್ ಗೆದ್ದರು. ಬ್ರಿಜ್‌ಸ್ಟೋನ್ ಕಂಪನಿಯ 1987ರ ಎಂಬಿ-1 ಫ್ಯಾಕ್ಟರಿಯಿಂದಲೇ ಡ್ರಾಪ್ ಬಾರ್ ಹಾಕ್ಕೊಂಡು ಬಂತು. 1990ರಲ್ಲಿ ಜಾನ್ ಟೊಮ್ಯಾಕ್ ತನ್ನ ಯೇಟಿಗೆ ಡ್ರಾಪ್ ಬಾರ್ ಕಟ್ಟಿಕೊಂಡು ಬೆಟ್ಟ ಇಳಿಯುತ್ತಿದ್ದ ಫೋಟೋಗಳನ್ನ ನೋಡಿ ಮರುಳಾಗದವರು ಕಡಿಮೆ. ಆದರೆ ಆತ ಆಗ ರೋಡ್ ತಂಡಕ್ಕೂ ಓಡಿಸುತ್ತಿದ್ದ, ಎರಡೂ ಕಡೆ ಮೈಭಂಗಿ ಒಂದೇ ಇರಲಿ ಅನ್ನೋದು ಅವನ ಲೆಕ್ಕ. ಮುಂದಿನ ವರ್ಷ ನೇರ ಬಾರಿಗೆ ವಾಪಸ್ ಬಂದ. ಆ ಫೋಟೋ ಮಾತ್ರ ಯಾರೂ ಶೇರ್ ಮಾಡಲ್ಲ!

ಕನ್ನಿಂಗ್‌ಹ್ಯಾಮ್ ತರದವರ ಸೈಕಲ್‌ಗಳಲ್ಲಿ ಗಮನಿಸಬೇಕಾದ್ದು ಬಾರಿನ ಎತ್ತರ. ಕೊಂಬಿನ ಕೆಳಭಾಗವೇ ಕೈಯ ಖಾಯಂ ಜಾಗ ಆಗಲಿ ಅಂತ ಬಾರನ್ನ ಎತ್ತರಕ್ಕೆ ಕೂರಿಸಿ, ಅದಕ್ಕೆ ಹೊಂದುವ ಹಾಗೆ ಉಳಿದದ್ದನ್ನ ಕಟ್ಟುತ್ತಿದ್ದರು. ನಮ್ಮವರು ಮಾಡೋದು ಉಲ್ಟಾ. ಈಗಿನ ಎಂಟಿಬಿ ಫ್ರೇಮ್ ಉದ್ದ, ಸ್ಟೆಮ್ ಮೊದಲೇ ಗಿಡ್ಡ. ಅಗಲದ ನೇರ ಬಾರಿಗೆ ಅಂತಲೇ ಆ ಅಳತೆ. ಅದಕ್ಕೆ ಡ್ರಾಪ್ ಬಾರ್ ಹಾಕಿದರೆ ಬ್ರೇಕ್ ಹಿಡಿಕೆ ಇನ್ನೂ ಏಳೆಂಟು ಸೆಂಟಿಮೀಟರ್‌ಗಿಂತ ಜಾಸ್ತಿ ಮುಂದಕ್ಕೆ ಹೋಗುತ್ತೆ. ಸ್ಟೆಮ್ ಕತ್ತರಿಸೋಣ ಅಂದ್ರೆ ಕತ್ತರಿಸೋಕೆ ಏನೂ ಉಳಿದಿರಲ್ಲ. ಪರಿಚಿತರೊಬ್ಬರ ಇಂಥ ಸೈಕಲನ್ನ ಒಂದು ಭಾನುವಾರ ಓಡಿಸಿದೆ. ಇಪ್ಪತ್ತು ಕಿಲೋಮೀಟರ್ ಆಗೋ ಹೊತ್ತಿಗೆ ಕತ್ತು, ಭುಜ ಎರಡೂ ಬೇಡ ಮಾರಾಯ ಅಂದವು.

ಇನ್ನು ಬ್ರೇಕು. ಇಲ್ಲಿ ತಮಾಷೆ ಬೇಡ. ನೇರ ಬಾರಿನ ಹಿಡಿಯುವ ಭಾಗ 22.2 ಮಿಲಿಮೀಟರ್ ದಪ್ಪ, ಡ್ರಾಪ್ ಬಾರಿನದ್ದು 23.8. ಹಾಗಾಗಿ ಹಳೇ ಬ್ರೇಕ್ ಲಿವರ್, ಶಿಫ್ಟರ್ ಎರಡೂ ಹೊಸ ಬಾರಿಗೆ ಹತ್ತಲ್ಲ. ಸರಿ, ರೋಡ್ ಲಿವರ್ ತಂದ್ರಿ. ವಿ-ಬ್ರೇಕ್ ಇರುವ ಸೈಕಲಿಗೆ ಬೇಕಾದಷ್ಟು ಕೇಬಲನ್ನ ಅದು ಎಳೆಯೋದೇ ಇಲ್ಲ, ಹೆಚ್ಚುಕಮ್ಮಿ ಅರ್ಧ ಎಳೆಯುತ್ತೆ. ಪ್ಯಾಡನ್ನ ರಿಮ್ಮಿಗೆ ಅಂಟಿಸಿದಷ್ಟು ಹತ್ತಿರ ಇಟ್ಟರೆ ಸ್ಟ್ಯಾಂಡ್ ಮೇಲೆ ಚೆನ್ನಾಗೇ ಹಿಡಿಯುತ್ತೆ. ಅಂಗಡಿ ಮುಂದೆ ಒಂದು ರೌಂಡ್ ಹೊಡೆದಾಗಲೂ ಹಿಡಿಯುತ್ತೆ. ಆಮೇಲೆ ಪ್ಯಾಡ್ ಸ್ವಲ್ಪ ಸವೆಯುತ್ತೆ. ನಂದಿ ಬೆಟ್ಟ ಇಳಿಯುವಾಗ ತಿರುವಿನ ಹತ್ತಿರ ಒತ್ತಿದ ಲಿವರ್ ಸೀದಾ ಬಾರಿಗೆ ತಾಗಿ ಕೂರುತ್ತೆ, ಸೈಕಲ್ ಮಾತ್ರ ನಿಲ್ಲಲ್ಲ. ಇದನ್ನ "ಅಡ್ಜಸ್ಟ್ ಆಗುತ್ತೆ ಬಿಡಿ ಸಾರ್" ಅನ್ನುವ ಅಂಗಡಿಯವರಿದ್ದಾರೆ. ಅವರ ಮಾತು ಕೇಳಬೇಡಿ.

ದಾರಿ ಇಲ್ಲ ಅಂತಲ್ಲ. ಟೆಕ್‌ಟ್ರೋದ ಆರ್‌ಎಲ್520 ಲಿವರ್ ವಿ-ಬ್ರೇಕಿಗೆ ಅಂತಲೇ ಮಾಡಿದ್ದು. ಆದರೆ ಅದರಲ್ಲಿ ಗೇರ್ ಬದಲಿಸೋ ವ್ಯವಸ್ಥೆ ಇಲ್ಲ. ಅದಕ್ಕೆ ಬಾರಿನ ತುದಿಗೆ ಸಿಕ್ಕಿಸೋ ಬಾರ್-ಎಂಡ್ ಶಿಫ್ಟರ್ ತರಬೇಕು. ಕೇಬಲ್ ಎಳೆಯೋ ಡಿಸ್ಕ್ ಇದ್ದರೆ ರೋಡ್ ಲಿವರಿಗೆ ಹೊಂದೋ ಕ್ಯಾಲಿಪರ್ ಬೇಕು: ಆವಿಡ್ ಬಿಬಿ7ರಲ್ಲಿ ರೋಡ್, ಎಂಟಿಬಿ ಅಂತ ಬೇರೆಬೇರೆ ಬರೋದು ಇದಕ್ಕೇ. ಹೈಡ್ರಾಲಿಕ್ ಡಿಸ್ಕ್ ಇದ್ದರಂತೂ ಖರ್ಚಿನ ಪಟ್ಟಿ ನೋಡಿ ನೀವೇ ಸುಮ್ಮನಾಗ್ತೀರಿ.

ಗೇರಿನ ಕಥೆ ಅಷ್ಟು ಭಯಂಕರ ಅಲ್ಲ. ಶಿಮಾನೋದ ಒಂಬತ್ತು ಸ್ಪೀಡಿನವರೆಗೆ ರೋಡ್ ಶಿಫ್ಟರಿಗೂ ಎಂಟಿಬಿಯ ಹಿಂದಿನ ಡಿರೇಲರಿಗೂ ಹೊಂದಾಣಿಕೆ ಉಂಟು. ಹತ್ತಕ್ಕೆ ಹೋದರೆ ಇಬ್ಬರೂ ದೂರ ದೂರ. ಮುಂದಿನ ಡಿರೇಲರ್ ಮೊದಲಿಂದಲೂ ಹೊಂದಲ್ಲ, ಹಾಗಾಗಿ ಅದಕ್ಕೆ ಫ್ರಿಕ್ಷನ್ ಶಿಫ್ಟರ್, ಇಲ್ಲಾಂದ್ರೆ ಮುಂದೆ ಒಂದೇ ಚೈನ್‌ರಿಂಗ್.

ಈಗ ಕೂಡಿಸಿ: ಬಾರ್, ಸ್ಟೆಮ್, ಲಿವರ್, ಶಿಫ್ಟರ್, ಕೇಬಲ್, ಟೇಪ್, ಮೆಕ್ಯಾನಿಕ್ ಕೂಲಿ. ಇಷ್ಟಾದ ಮೇಲೂ ಮುಂದೆ ಎರಡು ಕೆಜಿಗೂ ಮೀರಿದ ಸ್ಪ್ರಿಂಗ್ ಫೋರ್ಕ್ ಹಾಗೇ ಇರುತ್ತೆ, ಎದ್ದು ನಿಂತು ತುಳಿದಾಗಲೆಲ್ಲ ಕುಪ್ಪಳಿಸ್ತಾ. ಇದಕ್ಕೆ ಗ್ರಾವೆಲ್ ಬೈಕ್ ಅಂತ ಕರೆಯೋದು ಉಪ್ಪಿಟ್ಟಿಗೆ ಕೇಸರಿ ಬಣ್ಣ ಹಾಕಿ ಕೇಸರಿಬಾತ್ ಅಂದ ಹಾಗೆ.

ಹಾಗಂತ ಎಲ್ಲ ಕನ್ವರ್ಷನ್ನೂ ದಂಡ ಅಂತ ನಾನು ಹೇಳಲ್ಲ. ಯಾರ ಮನೇಲಾದ್ರೂ 90ರ ದಶಕದ ಎಂಟಿಬಿ ಇದ್ದರೆ, ಸಸ್ಪೆನ್ಷನ್ ಇಲ್ಲದ ಫೋರ್ಕು, ಕ್ಯಾಂಟಿಲಿವರ್ ಬ್ರೇಕು, ಏಳೋ ಎಂಟೋ ಸ್ಪೀಡು, ಉದ್ದನೆಯ ಸ್ಟೆಮ್ಮು, ಅದು ಈ ಕೆಲಸಕ್ಕೇ ಹುಟ್ಟಿದ್ದು. ಕ್ಯಾಂಟಿಲಿವರಿಗೆ ರೋಡ್ ಲಿವರ್ ನೇರವಾಗಿ ಒಗ್ಗುತ್ತೆ. ಉದ್ದ ಸ್ಟೆಮ್ ತೆಗೆದು ಗಿಡ್ಡದ್ದು, ಎತ್ತರದ್ದು ಹಾಕಿದರೆ ಮೈಯೂ ಒಗ್ಗುತ್ತೆ. ನನ್ನ ಹತ್ತಿರ ಇರೋದು ಅಂಥದ್ದೇ. ಮಂಡ್ಯದ ಕಡೆ ಎದುರುಗಾಳಿಯಲ್ಲಿ ಹೋಗುವಾಗ ಕೈಯನ್ನ ಮೇಲೆ, ಪಕ್ಕಕ್ಕೆ, ಕೆಳಗೆ ಅಂತ ಬದಲಿಸ್ತಾ ಇರಬಹುದು. ಮೂರು ಗಂಟೆ ಕಳೆದರೂ ಅಂಗೈ ಜೋಮು ಹಿಡಿಯಲ್ಲ. ಡ್ರಾಪ್ ಬಾರ್ ಕೊಡೋ ನಿಜವಾದ ಲಾಭ ಇದು. ಈ ಲಾಭ ದೊಡ್ಡದೇ.

ಸ್ಪೀಡ್ ಜಾಸ್ತಿ ಆಗುತ್ತೆ ಅನ್ನೋರಿಗೆ ಒಂದು ಮಾತು. ಡಾಂಬರಲ್ಲಿ ನಿಮ್ಮನ್ನ ಹಿಂದಕ್ಕೆ ಎಳೀತಿರೋದು ಬಾರಿಗಿಂತ ಮೊದಲು ಆ ಗುಬ್ಬಿ ಗುಬ್ಬಿ ಟೈರು. ಮೊದಲು ಎರಡು ನುಣುಪು ಟೈರ್ ಹಾಕಿಸಿ, ಒಂದು ತಿಂಗಳು ಓಡಿಸಿ. ಪಾರ್ಕಿಂಗಿನಲ್ಲಿ ನನ್ನ ಸಲಹೆ ಕೇಳಿದವರಲ್ಲಿ ಇಬ್ಬರು ಅಲ್ಲಿಗೇ ನಿಲ್ಲಿಸಿದರು. ಮೂರನೆಯವರು ಡ್ರಾಪ್ ಬಾರ್ ಹಾಕಿಸಿಯೇ ಸಿದ್ಧ ಅಂದರು. ಅವರ ಸೈಕಲ್ಲಿನಲ್ಲಿ ವಿ-ಬ್ರೇಕ್ ಇದೆ. ಆರ್‌ಎಲ್520 ಅಂತ ಚೀಟಿಯಲ್ಲಿ ಬರೆದು ಕೊಟ್ಟಿದ್ದೀನಿ.