ಚಂದಾದಾರರ ಪಟ್ಟಿಯೂ ಅಂಚೆಯ ಕಟ್ಟಳೆಯೂ

ಕಾನೂನಿನ ವಾಕ್ಯಗಳನ್ನು ಗ್ರಂಥವಾಕ್ಯಗಳಂತೆ ಓದಿ ಗುಣದೋಷಗಳನ್ನು ವಿವೇಚಿಸುವ ಪದ್ಧತಿ ನಮ್ಮಲ್ಲಿ ಹೆಚ್ಚಾಗಿ ಬೆಳೆದುಬಂದಿಲ್ಲ. ಆದರೂ ಕನ್ನಡದ ಮಾಸಪತ್ರಿಕೆಗಳ ಆಯುಷ್ಯವನ್ನು ಒಂದು ಶತಮಾನಕ್ಕೂ ಮಿಕ್ಕಿ ನಿಯಮಿಸಿದ ಎರಡು ಸಾಲುಗಳು 1898ನೆಯ ಇಸವಿಯ ಭಾರತೀಯ ಅಂಚೆ ಕಚೇರಿ ಅಧಿನಿಯಮದ ಒಂಬತ್ತನೆಯ ಪ್ರಕರಣದಲ್ಲಿದ್ದುವೆಂಬುದನ್ನು ನೆನೆದಾಗ, ಅವುಗಳ ಕಡೆಗೆ ವಿಮರ್ಶಕನ ದೃಷ್ಟಿ ಹೊರಳಬೇಕಾದುದು ನ್ಯಾಯವೆಂದೇ ತೋರುತ್ತದೆ. ರಾಜಕೀಯ ವಾರ್ತೆಗಳೋ, ಇತರ ವಾರ್ತೆಗಳೋ, ಪ್ರಚಲಿತ ವಿಷಯಗಳನ್ನು ಕುರಿತ ಲೇಖನಗಳೋ ಪ್ರಧಾನವಾಗಿರುವ ಪ್ರಕಟಣೆಯೊಂದು ಅಂಚೆಯವರ ಕಣ್ಣಿನಲ್ಲಿ ವೃತ್ತಪತ್ರಿಕೆಯೆನಿಸಬೇಕಾದರೆ, ಅದರ ಸಂಚಿಕೆಗಳು 31 ದಿನಗಳಿಗೆ ಮೀರದ ಅಂತರದಲ್ಲಿ ಹೊರಬರಬೇಕಾಗಿತ್ತು. ಮತ್ತು ಅದಕ್ಕೆ ಪ್ರಾಮಾಣಿಕವಾದ ಚಂದಾದಾರರ ಪಟ್ಟಿಯೊಂದು ಇರಬೇಕಾಗಿತ್ತು. ಇವೆರಡರಲ್ಲಿ ಎರಡನೆಯದು ಉದಾತ್ತವಾದ ಕಲ್ಪನೆಯೆಂದೂ, ಮೊದಲನೆಯದು ಕನ್ನಡಕ್ಕೆ ಅನ್ಯಾಯ ಮಾಡಿದ ಕಟ್ಟಳೆಯೆಂದೂ, ಎರಡನೆಯದನ್ನು ಆಚರಣೆಗೆ ತಂದ ಬಗೆ ಆ ಕಲ್ಪನೆಯ ಘನತೆಗೆ ತಕ್ಕುದಾಗಿರಲಿಲ್ಲವೆಂದೂ ನನ್ನ ಅಭಿಪ್ರಾಯ.

ಈ ಕಟ್ಟಳೆಗಳನ್ನು ಪೂರೈಸಿದವರಿಗೆ ದೊರೆಯುತ್ತಿದ್ದ ಫಲ ಅಲ್ಪವಾದುದಲ್ಲ. ಕನಿಷ್ಠಪಕ್ಷ 50 ಮಂದಿ ಚಂದಾದಾರರ ಹೆಸರು, ವಿಳಾಸ, ಅವರು ಹಣ ತೆತ್ತ ರಸೀದಿಯ ಸಂಖ್ಯೆ ಇವಿಷ್ಟನ್ನೂ ಬರೆದು ವಿಭಾಗದ ಅಂಚೆ ಅಧೀಕ್ಷಕರಿಗೆ ಒಪ್ಪಿಸಿ, ಅವರಿಂದ ನೋಂದಣಿಯ ಸಂಖ್ಯೆಯನ್ನು ಪಡೆದು, ಅದನ್ನು ಸಂಚಿಕೆಯ ಮೇಲೆ ಅಚ್ಚುಮಾಡಿದ ಪ್ರಕಾಶಕನು 50 ಗ್ರಾಂ ತೂಕದ ಪ್ರತಿಯೊಂದನ್ನು 25 ಪೈಸೆಗೆ ದೇಶದ ಯಾವ ಮೂಲೆಗಾದರೂ ಕಳುಹಿಸಬಹುದಾಗಿತ್ತು. ನಾಲ್ಕು ಸಾಲಿನ ಕ್ಷೇಮಸಮಾಚಾರವನ್ನು ಹೊತ್ತ ಅಂಚೆಕಾರ್ಡಿಗೇ 50 ಪೈಸೆ ತೆರಬೇಕಾಗಿದ್ದ ಕಾಲದಲ್ಲಿ ಪತ್ರಿಕೆಯೊಂದು ಅದರ ಅರ್ಧ ಬೆಲೆಗೆ ಮನೆಯ ಬಾಗಿಲನ್ನು ಸೇರುತ್ತಿತ್ತೆಂದರೆ, ಉಳಿದ ವೆಚ್ಚವನ್ನು ಸಮಸ್ತ ಪ್ರಜೆಗಳು ಭರಿಸುತ್ತಿದ್ದರೆಂದೇ ಅರ್ಥ. ಮೈಸೂರಿನಿಂದ 1970ರಲ್ಲಿ ಕಳಲೆ ನಡಾದೂರು ವರದರಾಜ ಅಯ್ಯಂಗಾರ್ಯರು ಆರಂಭಿಸಿದ ಸಂಸ್ಕೃತ ದಿನಪತ್ರಿಕೆ ‘ಸುಧರ್ಮಾ’ ದೂರದೂರದ ಓದುಗರನ್ನು ಮುಟ್ಟಿದುದು ಅಂಚೆಯ ಚೀಲದಲ್ಲಿಯೇ. 1988ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ ‘ಅಡಿಕೆ ಪತ್ರಿಕೆ’ ತೋಟಗಳ ನಡುವಿನ ಒಂಟಿಮನೆಗಳನ್ನು ಹುಡುಕಿಕೊಂಡು ಹೋದುದೂ ಆ ದಾರಿಯಲ್ಲಿಯೇ. ಬೀದಿಯ ಅಂಗಡಿಯಲ್ಲಿ ತೂಗಾಡದ, ಏಜೆಂಟರ ಕಟ್ಟುಗಳಲ್ಲಿ ಬಸ್ಸು ಹತ್ತದ ಪತ್ರಿಕೆಗಳಿಗೆ ಅಂಚೆಯ ರಿಯಾಯತಿಯೇ ಪ್ರಾಣವಾಯು. ಹೀಗೆ ಸಾರ್ವಜನಿಕ ದ್ರವ್ಯ ವ್ಯಯವಾಗುವಲ್ಲಿ ಪರೀಕ್ಷೆ ಇರಬೇಕಾದುದು ನಿರ್ವಿವಾದ.

ಆ ಪರೀಕ್ಷೆಗೆ ಅಂಚೆಯವರು ಆರಿಸಿಕೊಂಡ ಪ್ರಮಾಣ ಯಾವುದೆಂಬುದನ್ನು ಇಲ್ಲಿ ಗಮನಿಸಬೇಕು. 1948ರಲ್ಲಿ ಮುಂಬಯಿಯಲ್ಲಿ ಪತ್ರಿಕೆಗಳವರೂ ಜಾಹೀರಾತುದಾರರೂ ಸೇರಿ ಸ್ಥಾಪಿಸಿದ ಪ್ರಸಾರ ಪರಿಶೋಧನಾ ಸಂಸ್ಥೆಯು ಪ್ರತಿಗಳನ್ನು ಎಣಿಸುತ್ತದೆ. ಪ್ರಥಮ ಪತ್ರಿಕಾ ಆಯೋಗದ ಸಲಹೆಯಂತೆ 1956ರಲ್ಲಿ ನೇಮಕವಾದ ಪತ್ರಿಕಾ ನೋಂದಣಾಧಿಕಾರಿಯ ಕಚೇರಿಯೂ ವಾರ್ಷಿಕ ವಿವರಣಪತ್ರದಲ್ಲಿ ಪ್ರತಿಗಳ ಸಂಖ್ಯೆಯನ್ನೇ ಕೇಳುತ್ತದೆ. ಮುದ್ರಣದ ಲೆಕ್ಕ, ಕಾಗದದ ಲೆಕ್ಕ, ಮಾರಾಟದ ಲೆಕ್ಕ ಇವುಗಳಿಂದ ಸಿದ್ಧವಾಗುವ ಆ ಸಂಖ್ಯೆಗೆ ಬೆಲೆ ಕಟ್ಟುವವನು ಜಾಹೀರಾತುದಾರ. ಎಷ್ಟು ಮಂದಿ ಎಂಬುದೊಂದೇ ಅವನ ಪ್ರಶ್ನೆ. ಅಂಚೆಯಾದರೋ ಎಷ್ಟು ಮಂದಿ ಎಂದು ಕೇಳುವುದಕ್ಕೆ ಮೊದಲು ಯಾರು ಎಂದು ಕೇಳಿತು. ಈ ಪತ್ರಿಕೆ ನನಗೆ ಬೇಕೆಂದು ಕೈಯಿಂದ ಹಣ ಕೊಟ್ಟವನೊಬ್ಬನು, ಹೆಸರೂ ಊರೂ ಉಳ್ಳವನು, ಎಲ್ಲಿಯಾದರೂ ಇದ್ದಾನೆಯೇ ಎಂಬುದು ಅದರ ಪ್ರಶ್ನೆಯ ತಿರುಳು. ಬೇಡದವರ ಮನೆಗೆ ಪುಕ್ಕಟೆಯಾಗಿ ಹೋಗಿ ಬೀಳುವ ಜಾಹೀರಾತಿನ ಕಟ್ಟಿಗೂ, ತಿಂಗಳ ಮೊದಲ ವಾರದಲ್ಲಿ ದಾರಿ ಕಾಯುವ ಓದುಗನ ಕೈ ಸೇರುವ ಸಂಚಿಕೆಗೂ ಇರುವ ಭೇದವನ್ನು ಇದಕ್ಕಿಂತ ಸರಳವಾಗಿ ಗುರುತಿಸುವ ಪ್ರಮಾಣವು ನನಗೆ ಕಾಣದು.

ಆ ಪ್ರಮಾಣವು ಊರಿನ ಮಟ್ಟದಲ್ಲಿ ಹೇಗೆ ನಡೆಯುತ್ತದೆಂಬುದಕ್ಕೆ ಸಂತೆಮರಹಳ್ಳಿಯನ್ನು ತೆಗೆದುಕೊಳ್ಳೋಣ. ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲಗಳ ಕಡೆಗೆ ಹೋಗುವ ಹೆದ್ದಾರಿಯಲ್ಲಿರುವ ಈ ಹೋಬಳಿಯ ಊರಿಗೆ ಬರುವ ಮಾಸಪತ್ರಿಕೆಯ ಪ್ರತಿಯು ಎರಡು ತುದಿಗಳೂ ತೆರೆದಿರುವ ಕಾಗದದ ಪಟ್ಟಿಯೊಳಗೆ ಮಡಿಸಿಕೊಂಡು ಬರುತ್ತದೆ. ಒಳಗೆ ಕಾಗದಪತ್ರ ಸೇರಿಸಿಲ್ಲವೆಂಬುದು ಬಿಚ್ಚದೆಯೇ ಕಾಣಬೇಕೆಂಬುದು ಅದರ ಉದ್ದೇಶ. ಪಟ್ಟಿಯ ಮೇಲೆ ಅಂಟಿಸಿದ ಚೀಟಿಯಲ್ಲಿ ಚಂದಾ ಸಂಖ್ಯೆ, ಚಂದಾ ಮುಗಿಯುವ ತಿಂಗಳು, ಹೆಸರು, ಗ್ರಾಮ, ಅಂಚೆ, ತಾಲ್ಲೂಕು ಇರುತ್ತವೆ. ಮನೆಯ ಸಂಖ್ಯೆಯಾಗಲಿ ರಸ್ತೆಯ ಹೆಸರಾಗಲಿ ಇರುವುದು ಅಪೂರ್ವ. ಮಲೆಯ ಮಾದೇಶ್ವರನಿಗೂ ಬಿಳಿಗಿರಿಯ ರಂಗನಾಥನಿಗೂ ನಡೆದುಕೊಳ್ಳುವ ಈ ಸೀಮೆಯಲ್ಲಿ ಒಂದೊಂದು ಊರಿಗೂ ಹಲವರು ಮಹದೇವಸ್ವಾಮಿಗಳು, ಹಲವರು ಮಾದಯ್ಯಗಳು, ಹಲವರು ರಂಗಸ್ವಾಮಿಗಳು; ಗುಂಡ್ಲುಪೇಟೆಯ ದಿಕ್ಕಿಗೆ ತಿರುಗಿದರೆ ಹಿಮವದ್ಗೋಪಾಲನ ಹೆಸರು ಹೊತ್ತವರು. ದೂರದ ಕಚೇರಿಯಲ್ಲಿ ಕುಳಿತು ಪಟ್ಟಿಯನ್ನು ಓದುವ ಅಧಿಕಾರಿಗೆ ಒಂದೇ ಗ್ರಾಮದ ಮೂವರು ಮಹದೇವಸ್ವಾಮಿಗಳು ಕಂಡರೆ, ಇದು ಒಂದೇ ಹೆಸರನ್ನು ಮೂರು ಸಲ ಬರೆದ ಕೃತ್ರಿಮವೆಂಬ ಸಂದೇಹ ಹುಟ್ಟುವುದು ಸಹಜ. ಅವರಲ್ಲಿ ಒಬ್ಬನು ಶಾಲೆಯ ಮೇಷ್ಟ್ರು, ಒಬ್ಬನು ಹಾಲಿನ ಡೈರಿಯ ಕಾರ್ಯದರ್ಶಿ, ಮತ್ತೊಬ್ಬನು ರೇಷ್ಮೆ ಹುಳು ಸಾಕುವ ರೈತ ಎಂಬುದು ಆ ಅಧಿಕಾರಿಗೆ ತಿಳಿಯದು. ಚೀಲ ಹೊತ್ತು ತಿರುಗುವ ಪೋಸ್ಟ್‌ಮ್ಯಾನನಿಗೆ ಮಾತ್ರ ತಿಳಿದಿದೆ. ಅಷ್ಟೇ ಅಲ್ಲ, ಮೇಷ್ಟ್ರ ಪ್ರತಿಯನ್ನು ಕೇರಿಯ ಹುಡುಗರು ಓದುವರೆಂದೂ, ಡೈರಿಗೆ ಬಂದ ಪ್ರತಿಯು ಹಾಲು ಹಾಕಲು ಬಂದವರ ಕೈಯಿಂದ ಕೈಗೆ ಹೋಗುವುದೆಂದೂ, ಪಟ್ಟಿಯಲ್ಲಿರುವ ಇನ್ನೊಬ್ಬನು ಮಗನ ಮನೆಗೆಂದು ಬೆಂಗಳೂರಿಗೆ ಹೋದವನು ಮರಳಿ ಬಾರದೆ ಅವನ ಪ್ರತಿಗಳು ಕಿಟಕಿಯ ಸಂದಿಯಲ್ಲಿ ಬಿದ್ದಿರುವುವೆಂದೂ ಬಲ್ಲವನು ಅವನೊಬ್ಬನೇ.

ಪಟ್ಟಿಯೊಂದರಲ್ಲಿ ಒಂದು ಹೆಸರಿನ ತೂಕವೆಷ್ಟೆಂಬುದನ್ನು ಈ ಊರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಆಗಿನ ಸಂತೆಮರಹಳ್ಳಿ ಕ್ಷೇತ್ರದಿಂದ ಆರ್. ಧ್ರುವನಾರಾಯಣ ಅವರು 40,752 ಮತಗಳನ್ನು ಪಡೆದು, 40,751 ಮತಗಳನ್ನು ಪಡೆದ ಎ. ಆರ್. ಕೃಷ್ಣಮೂರ್ತಿ ಅವರೆದುರು ಒಂದೇ ಮತದಿಂದ ಗೆದ್ದುದು ಇಡೀ ದೇಶಕ್ಕೆ ತಿಳಿದ ಸಂಗತಿ. ಮತದಾರರ ಪಟ್ಟಿಯನ್ನು ಪರಿಷ್ಕರಿಸಲು ಮನೆಮನೆಗೆ ಹೋಗಿ, ಸತ್ತವರ ಹೆಸರನ್ನು ತೆಗೆದು, ಬಂದವರ ಹೆಸರನ್ನು ಸೇರಿಸುವ ಕ್ರಮವುಂಟಷ್ಟೆ. ಚಂದಾದಾರರ ಪಟ್ಟಿಗೆ ಅಂತಹ ಪರಿಷ್ಕರಣದ ಕ್ರಮವಿಲ್ಲದಿರುವುದೇ ಅಂಚೆಯ ಕಟ್ಟಳೆಯ ಮುಖ್ಯವಾದ ನ್ಯೂನತೆ. ಪರೀಕ್ಷೆಯೆಲ್ಲವೂ ಬಾಗಿಲಿನಲ್ಲಿ ನಡೆಯುತ್ತದೆ. ಮೊದಲ ಸಲ ನೋಂದಾಯಿಸುವಾಗ ರಸೀದಿ ಪುಸ್ತಕದ ಪ್ರತಿಯೊಂದು ಹಾಳೆಯೂ ಪರಿಶೀಲನೆಗೆ ಒಳಗಾಗಬಹುದು. ಅನಂತರ ಪತ್ರಿಕೆಯು ಬೆಳೆಯಿತೋ ಬಾಡಿತೋ, ಐವತ್ತು ಮಂದಿ ಐದು ಸಾವಿರವಾದರೋ ಹದಿನೈದಕ್ಕೆ ಇಳಿದರೋ ಎಂಬುದನ್ನು ಕಾಗದದ ನವೀಕರಣದ ಹೊರತು ಬೇರೆ ದಾರಿಯಿಂದ ಅರಿಯುವ ಏರ್ಪಾಡು ಕಾಣುವುದಿಲ್ಲ. ಇದರಿಂದ ಶ್ರಮ ಬೀಳುವುದು ಚಿಕ್ಕ ಊರಿನ ಚಿಕ್ಕ ಪ್ರಕಾಶಕನಿಗೆ. ಐವತ್ತು ಮಂದಿಯನ್ನು ಒಂದೊಂದಾಗಿ ಕಾಡಿ ಬೇಡಿ ಕೂಡಿಹಾಕಿದವನು ಅವನು. ಗುಮಾಸ್ತರ ಬಳಗವುಳ್ಳ ದೊಡ್ಡ ಸಂಸ್ಥೆಗೆ ಐವತ್ತು ಹೆಸರುಗಳು ಒಂದು ಗಳಿಗೆಯ ಕೆಲಸ.

ಮನಿಯಾರ್ಡರಿನ ಕಾಲದಲ್ಲಿ ಒಂದು ಸೌಕರ್ಯವಿತ್ತು. ಹಣ ಕಳುಹಿಸುವವನು ನಮೂನೆಯ ಕೆಳಗಿನ ಕೂಪನ್ನಿನಲ್ಲಿ ಎರಡು ಮಾತು ಬರೆಯಲು ಸ್ಥಳವಿರುತ್ತಿತ್ತು. ಇಂತಹ ತಿಂಗಳಿನಿಂದ ಚಂದಾ ಜಮಾ ಮಾಡಿಕೊಳ್ಳಿರೆಂದು, ಕಳೆದ ಸಂಚಿಕೆ ತಲಪಲಿಲ್ಲವೆಂದು, ಒಮ್ಮೊಮ್ಮೆ ಇಂಥವರ ಕಥೆ ಹಿಡಿಸಿತೆಂದು ಚಂದಾದಾರನು ತನ್ನ ಕೈಬರಹದಲ್ಲಿಯೇ ತಿಳಿಸುತ್ತಿದ್ದನು. ಅಂಚೆಯ ಮುದ್ರೆ ಬಿದ್ದ ಆ ತುಂಡು ಕಾಗದಕ್ಕಿಂತ ವಿಶ್ವಸನೀಯವಾದ ಸಾಕ್ಷ್ಯ ಬೇರೆ ಯಾವುದಿದ್ದೀತು? ಹಣವೂ ಅಂಚೆಯ ಮೂಲಕವೇ ಹೋಗಿ, ಪತ್ರಿಕೆಯೂ ಅಂಚೆಯ ಮೂಲಕವೇ ಬರುತ್ತಿದ್ದಾಗ, ಚಂದಾದಾರನು ನಿಜವೋ ಸುಳ್ಳೋ ಎಂಬುದರ ಪುರಾವೆಯು ಅಂಚೆಯ ಕೈಯಲ್ಲಿಯೇ ಇದ್ದಿತು. ಅದನ್ನು ಉಪಯೋಗಿಸದೆ, ಪ್ರಕಾಶಕನು ತಾನೇ ಬರೆದು ತಂದ ಪಟ್ಟಿಯನ್ನು ಆಶ್ರಯಿಸಿದುದು ಆಶ್ಚರ್ಯಕರ. ಈಗ ಹಣವು ಫೋನಿನ ಮೂಲಕ ಸಂದಾಯವಾಗುವುದರಿಂದ ಲೆಕ್ಕವೇನೋ ಸ್ಪಷ್ಟವಾಗಿ ಉಳಿಯುತ್ತದೆ. ಆದರೆ ಹಣ ಕಳುಹಿಸಿದವನ ಹೆಸರೊಂದು, ಪ್ರತಿ ತಲಪಬೇಕಾದ ಮನೆ ಮತ್ತೊಂದು ಆಗಿರುವುದು ಸಾಮಾನ್ಯ.

ಇನ್ನು 31 ದಿನಗಳ ಕಟ್ಟಳೆ. ಚಂದಾದಾರರ ಪಟ್ಟಿ ಎಷ್ಟೇ ಪ್ರಾಮಾಣಿಕವಾಗಿದ್ದರೂ ತಿಂಗಳಿಗೊಮ್ಮೆ ಹೊರಬರದ ಪತ್ರಿಕೆಗೆ ಈ ರಿಯಾಯತಿ ಇರಲಿಲ್ಲ. 1919ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ಮುಂದಾಳುತನದಲ್ಲಿ ಹೊರಟ ‘ಪ್ರಬುದ್ಧ ಕರ್ಣಾಟಕ’, 1962ರಲ್ಲಿ ಗೋಪಾಲಕೃಷ್ಣ ಅಡಿಗರು ಆರಂಭಿಸಿದ ‘ಸಾಕ್ಷಿ’, 1981ರಲ್ಲಿ ಯು. ಆರ್. ಅನಂತಮೂರ್ತಿಯವರು ಆರಂಭಿಸಿದ ‘ರುಜುವಾತು’, 2005ರಲ್ಲಿ ವಿವೇಕ ಶಾನಭಾಗರು ಆರಂಭಿಸಿದ ‘ದೇಶಕಾಲ’ ಇವೆಲ್ಲವೂ ತ್ರೈಮಾಸಿಕಗಳು. ಕನ್ನಡದ ವಿಚಾರಜೀವನವನ್ನು ರೂಪಿಸಿದ ಪತ್ರಿಕೆಗಳ ಹೆಸರು ಹೇಳೆಂದರೆ ಯಾವ ಓದುಗನೂ ಇವುಗಳಲ್ಲಿ ಒಂದನ್ನಾದರೂ ಹೇಳದಿರನು. ಅಂಥವು ಅಂಚೆಯ ಲಕ್ಷಣವಾಕ್ಯದ ಪ್ರಕಾರ ಪತ್ರಿಕೆಗಳೇ ಆಗಿರಲಿಲ್ಲ. ಮಾಸ್ತಿಯವರು 1944ರಿಂದ 1965ರ ವರೆಗೆ ನಡೆಸಿದ ‘ಜೀವನ’ವು ಮಾಸಪತ್ರಿಕೆಯಾದ್ದರಿಂದ ಈ ಅಡ್ಡಿಗೆ ಸಿಲುಕಲಿಲ್ಲ, ಮೂರು ತಿಂಗಳು ಕಾದು, ಲೇಖನಗಳನ್ನು ತಿದ್ದಿ ಪರಿಷ್ಕರಿಸಿ, ಇನ್ನೂರು ಪುಟಗಳ ಸಂಚಿಕೆ ತರುವವರಿಗೆ ಮಾತ್ರ ಬುಕ್‌ಪೋಸ್ಟೇ ಗತಿಯಾಗಿತ್ತು. ಅಮೆರಿಕದಲ್ಲಿ 1879ರ ಕಾನೂನು ಚಂದಾದಾರರ ಯಥಾರ್ಥವಾದ ಪಟ್ಟಿಯನ್ನು ಕೇಳುವಲ್ಲಿ ನಮ್ಮದನ್ನೇ ಹೋಲುತ್ತದೆ; ಕಾಲಾವಧಿಯ ವಿಷಯದಲ್ಲಾದರೋ ವರ್ಷಕ್ಕೆ ನಾಲ್ಕು ಸಂಚಿಕೆಗಳಿದ್ದರೆ ಸಾಕೆಂದು ಒಪ್ಪಿಕೊಂಡಿತು. ಅದಕ್ಕೆ ಹತ್ತೊಂಬತ್ತು ವರ್ಷಗಳ ಅನಂತರ ಬಂದ ನಮ್ಮ ಕಾನೂನು ಇಷ್ಟು ಔದಾರ್ಯವನ್ನು ತೋರಿಸಬಹುದಾಗಿತ್ತು.

ಆ ದೇಶದ ಪದ್ಧತಿಯಲ್ಲಿ ಅನುಕರಣಯೋಗ್ಯವಾದುದು ಮತ್ತೊಂದಿದೆ. ಅಲ್ಲಿ ಪತ್ರಿಕೆಗಳು ವರ್ಷಕ್ಕೊಮ್ಮೆ ತಮ್ಮ ಮಾಲೀಕತ್ವದ ವಿವರದೊಡನೆ, ಅಚ್ಚಾದ ಪ್ರತಿಗಳೆಷ್ಟು, ಚಂದಾದಾರರಿಗೆ ಹೋದುವೆಷ್ಟು, ಪುಕ್ಕಟೆಯಾಗಿ ಹಂಚಿದುವೆಷ್ಟು ಎಂಬುದನ್ನೂ ತಮ್ಮ ಪುಟಗಳಲ್ಲಿಯೇ ಪ್ರಕಟಿಸಬೇಕು. ನಮ್ಮಲ್ಲಿ ಪ್ರತಿವರ್ಷ ಮಾರ್ಚಿಯಲ್ಲಿ ಅಚ್ಚಾಗುತ್ತ ಬಂದ, ಮಾಲೀಕತ್ವದ ವಿವರವುಳ್ಳ ನಾಲ್ಕನೆಯ ನಮೂನೆಯನ್ನು ನೋಡಿದವರಿಗೆ ತಿಳಿದಿರುವಂತೆ, ಅದರಲ್ಲಿ ಮುದ್ರಕನ ಹೆಸರು, ಪ್ರಕಾಶಕನ ಹೆಸರು, ಸಂಪಾದಕನ ರಾಷ್ಟ್ರೀಯತೆ, ಬಂಡವಾಳದಲ್ಲಿ ಪಾಲುಳ್ಳವರ ವಿಳಾಸ ಎಲ್ಲವೂ ಇರುತ್ತವೆ. ಓದುಗರ ಸಂಖ್ಯೆ ಇರುವುದಿಲ್ಲ. ಅಂಚೆಗೆ ಒಂದು ಲೆಕ್ಕ, ನೋಂದಣಾಧಿಕಾರಿಗೆ ಮತ್ತೊಂದು ಲೆಕ್ಕ, ಜಾಹೀರಾತುದಾರನಿಗೆ ಮಗದೊಂದು ಲೆಕ್ಕ ಹೋಗಿ, ಚಂದಾ ಕೊಟ್ಟವನಿಗೆ ಮಾತ್ರ ಯಾವ ಲೆಕ್ಕವೂ ಸಿಕ್ಕದಂತಾಯಿತು. ಸಂಖ್ಯೆಯನ್ನು ಸಂಚಿಕೆಯಲ್ಲಿಯೇ ಬಹಿರಂಗವಾಗಿ ಹೇಳಬೇಕಾಗಿದ್ದಲ್ಲಿ ಉತ್ಪ್ರೇಕ್ಷೆಗೆ ತಡೆ ಬೀಳುತ್ತಿದ್ದಿತು. ತನ್ನ ಊರಿಗೆ ಎಷ್ಟು ಪ್ರತಿಗಳು ಬರುತ್ತವೆಂದು ಬಲ್ಲ ಓದುಗನೇ ಪರಿಶೋಧಕನಾಗುತ್ತಿದ್ದನು.

ಸಂಖ್ಯೆ ಬಹಿರಂಗವಾಗಲೆಂದು ಹೇಳುವವನು ಹೆಸರುಗಳೂ ಬಹಿರಂಗವಾಗಲೆಂದು ಹೇಳಲಾರನು. ಯಾರು ಏನನ್ನು ಓದುತ್ತಾರೆಂಬುದರ ಪಟ್ಟಿ ಸರ್ಕಾರದ ಕಡತದೊಳಗೆ ಸೇರುವುದರಲ್ಲಿ ಅಪಾಯವೂ ಇದೆ. ಮೈಸೂರು ಸಂಸ್ಥಾನದ ಸ್ವಂತ ಅಂಚೆಯು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ಲೀನವಾದ ಬಳಿಕ ಸಂಸ್ಥಾನದ ಪತ್ರಿಕೆಗಳೂ ಆ ಅಂಚೆಯಲ್ಲಿಯೇ ಸಾಗಬೇಕಾಯಿತು. 1908ರಲ್ಲಿ ಸಂಸ್ಥಾನವು ವೃತ್ತಪತ್ರಿಕೆಗಳ ನಿಬಂಧನೆಯನ್ನು ತಂದು, ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ನಡೆಸಬಾರದೆಂದು ವಿಧಿಸಿದಾಗ ಹಲವು ಪತ್ರಿಕೆಗಳು ನಿಂತುಹೋದುವು. ಅಂತಹ ಕಾಲದಲ್ಲಿ ಚಂದಾದಾರರ ಪಟ್ಟಿಯು ತಪ್ಪು ಕೈಗೆ ಸಿಕ್ಕಿದರೆ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ. ಆದುದರಿಂದ ಪಟ್ಟಿಯು ಪ್ರಕಾಶಕನ ಬಳಿಯಲ್ಲಿಯೇ ಇದ್ದು, ಅಧಿಕಾರಿಯು ಬಂದು ನೋಡಿ, ಕೆಲವು ಹೆಸರುಗಳನ್ನು ಆಯ್ದು ಪರೀಕ್ಷಿಸಿ, ಪ್ರತಿಯನ್ನು ಒಯ್ಯದೆ ಹಿಂದಿರುಗುವ ಕ್ರಮವೇ ಲೇಸು.

1898ರ ಅಧಿನಿಯಮವನ್ನು ತೆಗೆದುಹಾಕಿ, 2024ರ ಜೂನ್ 18ರಂದು ಜಾರಿಗೆ ಬಂದ 2023ರ ಅಂಚೆ ಕಚೇರಿ ಅಧಿನಿಯಮವು ಬಹು ಸಂಕ್ಷಿಪ್ತವಾದುದು. ಹಳೆಯ ಒಂಬತ್ತನೆಯ ಪ್ರಕರಣದ ಲಕ್ಷಣವಾಕ್ಯಕ್ಕೆ ಅದರಲ್ಲಿ ಸ್ಥಾನವಿಲ್ಲ, ಸೇವೆಗಳನ್ನೂ ದರಗಳನ್ನೂ ಗೊತ್ತುಪಡಿಸುವ ಅಧಿಕಾರವು ಮಹಾನಿರ್ದೇಶಕರ ನಿಬಂಧನೆಗಳಿಗೆ ಸೇರಿದೆ. ಸಂಸತ್ತಿನ ವಾಕ್ಯವಾಗಿದ್ದುದು ಕಚೇರಿಯ ಆದೇಶಕ್ಕೆ ಇಳಿದುದರಿಂದ ರಿಯಾಯತಿಯ ಬುನಾದಿ ಸಡಿಲವಾಯಿತೆಂಬ ಆತಂಕ ನನಗಿದೆ. ಆದರೂ ಸಂಸತ್ತಿನ ವಾಕ್ಯಕ್ಕಿಂತ ನಿಬಂಧನೆಯನ್ನು ತಿದ್ದುವುದು ಸುಲಭವಾದುದರಿಂದ, 31 ದಿನಗಳ ಕಟ್ಟಳೆಯನ್ನು ಬಿಟ್ಟು ವರ್ಷಕ್ಕೆ ನಾಲ್ಕು ಸಂಚಿಕೆಗಳ ಕಟ್ಟಳೆಯನ್ನು ಇಡುವುದಕ್ಕೆ ಈಗ ಅಡ್ಡಿಯೇನೂ ಇರಬಾರದು. ಅದರೊಡನೆ, ನೋಂದಣಿಯನ್ನು ನವೀಕರಿಸುವ ಮೊದಲು ಪಟ್ಟಿಯಿಂದ ಆಯ್ದ ಕೆಲವು ವಿಳಾಸಗಳನ್ನು ಆಯಾ ವಿತರಣೆಯ ಅಂಚೆ ಕಚೇರಿಗೆ ಕಳುಹಿಸಿ, ಈತನಿದ್ದಾನೆಯೇ, ಪ್ರತಿ ಅವನ ಕೈ ಸೇರುತ್ತಿದೆಯೇ ಎಂದು ಕೇಳಬೇಕು. ಊರು ಬಿಟ್ಟವರ, ತೀರಿಕೊಂಡವರ ಸುದ್ದಿಯನ್ನು ಪ್ರಕಾಶಕನಿಗೂ ತಿಳಿಸಬೇಕು. ಸಂತೆಮರಹಳ್ಳಿಯಂತಹ ಊರಿನಲ್ಲಿ ಇದಕ್ಕೆ ಉತ್ತರ ಬರೆಯಲು ಪೋಸ್ಟ್‌ಮ್ಯಾನನಿಗೆ ಒಂದು ಕಾರ್ಡಿನಷ್ಟು ಸ್ಥಳವೂ, ಬೆಳಗಿನ ವಿಂಗಡಣೆ ಮುಗಿದ ಮೇಲೆ ಸ್ವಲ್ಪ ಸಮಯವೂ ಸಾಕಾಗುತ್ತದೆ.